ನಾನು ನಿಲ್ಲಿಸಿದ ಹಾಡು

ಇಂಡಿ, ಗುರುವಾರ

ಚಿ. ವೃಂದಾ,

ಅಭ್ಯಾಸದಂತೆ ಸೌ. ಎಂದು ಬರೆಯಲು ಹೋದ ಕೈಯನ್ನು ತಡೆದೆ.

ನಮ್ಮ ಮನೆಯ ಹೆಂಗಸರು ಸ್ಮಶಾನಕ್ಕೆ ಹೋದವರಲ್ಲ. ಸೋಮವಾರ ಸಿಂದಗಿಯಲ್ಲಿ ನೀನು ಗುಂಡಿಯ ಅಂಚಿಗೆ ನಿಂತದ್ದನ್ನೇ ನನಗೆ ನೋಡಲಾಗಲಿಲ್ಲ. ಸಮುವೇಲರ ಪೆಟ್ಟಿಗೆ ಇಳಿಸುವಾಗ ನೀನು ಚಪ್ಪಾಳೆ ತಟ್ಟಿ ಆನಂದದ ಹಾಡು ಎತ್ತಿದೆ; ಸುತ್ತ ನಿಂತವರೂ ದನಿಗೂಡಿಸಿದರು. ನಾನು ನಿನ್ನ ಕೈ ಹಿಡಿದು ಕೂಗಿದೆ: “ಹುಚ್ಚು ಹಿಡದದೇನ ನಿನಗ? ಗಂಡ ಸತ್ತಾನ, ಇದೇನ ಲಗ್ನದ ಮನಿ ಅಲ್ಲ!”

ಎಲ್ಲರೂ ಹಾಡು ನಿಲ್ಲಿಸಿದರು. ಪೆಟ್ಟಿಗೆ ಮೌನದಲ್ಲಿ ಇಳಿಯಿತು.

ನೀನು ಸಣ್ಣ ದನಿಯಲ್ಲಿ ಅಂದೆ: “ಎದಿ ಒಡದು ಹೋಗ್ಯದ ಅಣ್ಣಾ. ಆದ್ರ ಅವರನ್ನ ಕಳಕೊಂಡಿಲ್ಲ, ದೇವರ ಹತ್ರ ಮುಂದ ಕಳಿಸೇನಿ, ಮತ್ತ ಸಿಗ್ತಾರ. ಅದಕ್ಕ ಹಾಡಿದೆ.”

ನಾನು ನಿನ್ನ ಕೈ ಬಿಟ್ಟೆ, ಆದರೆ ಹಾಡು ಮತ್ತೆ ಶುರುವಾಗಲಿಲ್ಲ.

ಆಮೇಲೆ ಪಾಸ್ಟರ್ ತಿಳಿಸಿದರು. ಆ ಹಾಡನ್ನು ಸಮುವೇಲರೇ ಆರಿಸಿಟ್ಟಿದ್ದರಂತೆ; ಅವರ ಹಾಸಿಗೆಯ ಪಕ್ಕ ಕುಳಿತು ನೀನು ತಿಂಗಳಿಡೀ ಕಲಿತಿದ್ದೆಯಂತೆ. ಅವರು ನಿನ್ನಲ್ಲಿ ಕೇಳಿಕೊಂಡ ಕಡೆಯ ಕೆಲಸವನ್ನು ನಾನು ಅರ್ಧಕ್ಕೆ ತಡೆದೆ.

ನಲವತ್ತನೆಯ ದಿನ ಪ್ರಾರ್ಥನೆ ಇದೆಯಂತೆ. ಉಳಿದ ಚರಣಗಳನ್ನು ಸಮಾಧಿಯ ಬಳಿ ಹಾಡುವುದಾದರೆ ನನಗೂ ಬರಲು ಬಿಡು. ಬೇಡವೆಂದರೂ ಒಂದು ಸಾಲು ಬರೆ, ತಪ್ಪು ತಿಳಿಯುವುದಿಲ್ಲ. ನಿನ್ನ ನಂಬಿಕೆ ನನ್ನದಲ್ಲ. ಆ ಮಾತುಗಳನ್ನು ನಾನು ಹಾಡಿದರೆ ಸುಳ್ಳಾದೀತು. ಆದರೆ ನಿನ್ನ ದನಿ ಎಲ್ಲಾದರೂ ಕಟ್ಟಿದರೆ, ಅದು ಮತ್ತೆ ಬರುವವರೆಗೆ ಯಾರೂ ಅವಸರ ಮಾಡದಂತೆ ನೋಡಿಕೊಳ್ಳುತ್ತೇನೆ.

ನಿನ್ನ ಅಣ್ಣ,
ಶ್ರೀವಲ್ಲಭ