ಬೇಸಿಗೆಗೊಂದು ಕಂಬಳಿ

ಏಪ್ರಿಲ್ 14, ಭಾನುವಾರ. ಮಧ್ಯಾಹ್ನ

ಶಿವಾನಿಯ ಅಂಗಿ ಮತ್ತೆ ಒದ್ದೆ ಮಾಡಿ ಕೊಟ್ಟೆ. ಬೆಳಗಿನಿಂದ ಎಷ್ಟನೆಯ ಸಲವೋ. ಹಿಂಡಬಾರದು, ನೀರು ತೊಟ್ಟಿಕ್ಕುತ್ತಿರುವಾಗಲೇ ಹಾಕಿಕೊಳ್ಳಬೇಕು. ಕರೆಂಟ್ ಇಲ್ಲ. ಅಡಿಕೆ ಹಾಳೆಯ ಬೀಸಣಿಗೆ ಬೀಸಿ ಭುಜ ಸೋತಿದೆ. ಮನೆಗೆ ಶೀಟು ಹೊದಿಸಿದ ಮೇಲೆ ಮಳೆಗಾಲದ ಸೋರಿಕೆ ನಿಂತಿತು, ಬೇಸಿಗೆ ಒಳಗೆ ಬಂತು.

ಮೊಮ್ಮಗಳಿಗೆ ಒಂಬತ್ತು ತುಂಬಿತು. ಹುಟ್ಟಿದಾಗಿನಿಂದ ಅವಳಿಗೆ ಬೆವರು ಬರುವುದಿಲ್ಲ. ಮೈಯಲ್ಲಿ ಬೆವರಿನ ಗ್ರಂಥಿಗಳೇ ಇಲ್ಲ, ಇದಕ್ಕೆ ಔಷಧಿಯೂ ಇಲ್ಲ, ತಂಪಾಗಿ ಇಟ್ಟುಕೊಳ್ಳಿ ಎಂದಿದ್ದರು ಶಿವಮೊಗ್ಗದ ಡಾಕ್ಟರು. ನಮಗಾದರೆ ಬೆವರಿ ಮೈ ಆರುತ್ತದೆ. ಅವಳದ್ದು ಆರುವುದಿಲ್ಲ… ಏರುತ್ತಲೇ ಹೋಗುತ್ತದೆ. ಹೋದ ವರ್ಷ ಕೊಪ್ಪದ ಬಸ್ಸಿನಲ್ಲಿ ಕಣ್ಣು ಮೇಲೆ ಮಾಡಿಬಿಟ್ಟಿದ್ದಳು. ಅದು ನೆನಪಾದರೆ ಈಗಲೂ ಅನ್ನ ಸೇರುವುದಿಲ್ಲ.

ಅವಳ ಶಾಲೆಯ ಮಕ್ಕಳು ಶೃಂಗೇರಿ ಕಡೆ, ಅಡ್ಡಗದ್ದೆ ಹತ್ತಿರ ಟೆಂಟು ಹಾಕಿ ಮಲಗಿ ಬಂದಿದ್ದಾರೆ. ಬೇಸಿಗೆ ಶಿಬಿರವಂತೆ. ಇವಳನ್ನು ಕರೆದುಕೊಂಡು ಹೋಗಲಿಲ್ಲ. ಟೀಚರು ಮನೆತನಕ ಬಂದು, ‘ನಮಗೆ ಧೈರ್ಯ ಸಾಲದು’ ಎಂದು ಕೈಮುಗಿದು ಹೋದರು. ಅವರ ತಪ್ಪಿಲ್ಲ. ಇವತ್ತು ಗೆಳತಿ ನಿಶ್ಚಿತಾ ಬಂದು ಫೋನಿನಲ್ಲಿ ಫೋಟೋ ತೋರಿಸಿದಳು. ಅವಳು ಹೋದ ಮೇಲೆ ಈ ಪ್ರಶ್ನೆ:

“ಅಜ್ಜ, ಟೆಂಟಲ್ಲಿ ಮಲಗಿದ್ರೆ ಆಕಾಶ ಕಾಣ್ತದಾ?”

“ಮೇಲೆ ಬಟ್ಟೆ ಇರ್ತದಲ್ಲ ಕೂಸೇ. ಎಂತ ಕಾಣ್ತದೆ?”

“ಹಂಗಾದ್ರೆ ನಂಗೆ ಟೆಂಟ್ ಬ್ಯಾಡ. ಹೊರಗೆ ಮಲಗದು ಬೇಕು. ಒಂದೇ ರಾತ್ರಿ.”

ಆಯ್ತು ಎಂದೆ. ಬಾಯಿ ತಪ್ಪಿ ಅಂದದ್ದಲ್ಲ. ತಲೆ ಎತ್ತಿದರೆ ಸೊಸೆ ರೇಖಾ ಬಾಗಿಲಲ್ಲಿ ನಿಂತಿದ್ದಾಳೆ.

ಏಪ್ರಿಲ್ 16

ರೇಖಾ ಎರಡು ದಿನ ಮಾತಾಡಲಿಲ್ಲ. ಇವತ್ತು ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ —

“ಆಸೆ ಹುಟ್ಸಿದ್ದು ನೀವು ಮಾವ. ಬ್ಯಾಡ ಅಂದ್ರೆ ಕೆಟ್ಟೋಳಾಗೋದು ನಾನು.”

“ನೀನೂ ಬಾ ಮಾರಾಯ್ತಿ. ದೂರ ಎಂತ ಅಲ್ಲ, ನಮ್ಮ ಹಳ್ಳದ ದಂಡೆಗೇ.”

“ಥರ್ಮಾಮೀಟರ್ ನನ್ನ ಕೈಲಿರ್ತದೆ. ನೂರು ದಾಟಿದ್ರೆ ಅಲ್ಲಿಂದ್ಲೇ ವಾಪಸ್. ಆಮೇಲೆ ಅಜ್ಜ ಮೊಮ್ಮಗಳು ಸೇರಿ ಮುಖ ಊದ್ಸಿಕೊಂಡು ಕೂರಂಗಿಲ್ಲ.”

ಒಪ್ಪಿದೆ. ಮಗ ಪ್ರಕಾಶ ಬೈಕ್ ತಂದು ಅಲ್ಲೇ ನಿಲ್ಲಿಸಿಕೊಳ್ಳುತ್ತಾನಂತೆ.

ಬಾಳೆಹೊನ್ನೂರಿನ ಯಲ್ಲಕ್ಕನಿಗೆ ಪತ್ರ ಬರೆದೆ. ಮನೆಯಲ್ಲಿ ಫೋನಿದ್ದರೂ ಅಕ್ಕನಿಗೆ ನನ್ನ ಪತ್ರವೇ ಆಗಬೇಕು. ಗೊಬ್ಬರದ ಚೀಲದ ಮೇಲಿನ ಅಕ್ಷರ ಕೂಡಿಸಿ ಓದು ಕಲಿತ ತಮ್ಮ ಎಂದು ಅವಳಿಗೆ ಇನ್ನೂ ಹೆಮ್ಮೆ. ನಾವು ಹೊರಗೆ ಮಲಗಲು ಹೋಗುವ ಸಂಗತಿಯನ್ನು ದೊಡ್ಡದು ಮಾಡಿಯೇ ಬರೆದೆ.

ಏಪ್ರಿಲ್ 21, ಭಾನುವಾರ. ಮೂರು ಗಂಟೆ

ಚಪ್ಪರ ಎದ್ದಿತು! ಹಳ್ಳದ ಪಕ್ಕದ ಹಾಸುಬಂಡೆ. ಅಂಗಳದಷ್ಟು ಸಪಾಟು, ಮುಳ್ಳಿಲ್ಲ, ಇರುವೆ ಇಲ್ಲ, ಹಾವು ಬಂದರೆ ದೂರದಿಂದಲೇ ಕಾಣುತ್ತದೆ. ನಾಲ್ಕು ಕಂಬ, ಮೇಲೆ ಅಡಿಕೆ ಸೋಗೆ, ಹಿಂದೆ ನೀಲಿ ಟಾರ್ಪಾಲು ಮರೆ. ಬಂಡೆಗೆ ಕೊಡಗಟ್ಟಲೆ ನೀರು ಹೊಯ್ದು ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಆನೆ ಸುದ್ದಿ ಈ ಕಡೆ ಇಲ್ಲ ಎಂದು ಕರಿಯಣ್ಣ ವಿಚಾರಿಸಿ ಬಂದು ಹೇಳಿದ. ಅಲ್ಲೇ ತೋಟದ ಪಂಪು ನೋಡಿಕೊಳ್ಳುವವನು, ನನ್ನ ಹಳೆಯ ಜೊತೆಗಾರ.

ಮುರುಗಲು ಹಣ್ಣಿನ ಪಾನಕ, ಮಜ್ಜಿಗೆ, ಒದ್ದೆ ಪಂಚೆ ಎರಡು. ನನಗೇ ಮಕ್ಕಳ ಹಾಗೆ ಖುಷಿ.

ಏಪ್ರಿಲ್ 22

ಬರೆಯಲು ಕೈ ಬರುತ್ತಿಲ್ಲ. ಆದರೂ…

ನಿನ್ನೆ ಐದಕ್ಕೆಲ್ಲ ಚಪ್ಪರ ಸೇರಿದೆವು. ಶಿವಾನಿ ಸ್ವಲ್ಪ ಹೊತ್ತು ಹಾಡಿದಳು. ಆಮೇಲೆ ಹಾಡು ನಿಂತಿತು. ನಾನು ಪಂಚೆ ಒದ್ದೆ ಮಾಡಲು ಇಳಿದಿದ್ದೆ. ಮೇಲೆ ಬಂದು ನೋಡಿದರೆ ಮುಖ ಕೆಂಡ, ತುಟಿ ಒಣಗಿದೆ, ಕರೆದರೆ ತಡವಾಗಿ ತಿರುಗುತ್ತಾಳೆ. ರೇಖಾ ಥರ್ಮಾಮೀಟರ್ ನೋಡಿ ಪ್ರಕಾಶನ ಕಡೆ ಹಿಡಿದಳು. ಪ್ರಕಾಶ ಮಗುವನ್ನು ಎತ್ತಿಕೊಂಡು ಹಳ್ಳದ ಗುಂಡಿಗೆ ಇಳಿದ. ಕುತ್ತಿಗೆಮಟ್ಟ ನೀರಲ್ಲಿ ಹಿಡಿದುಕೊಂಡು ನಿಂತ. ಬಹಳ ಹೊತ್ತಿನ ಮೇಲೆ ಅವಳು “ಅಪ್ಪ, ಮೀನು ಕಚ್ತಿದೆ” ಎಂದಳು. ಆಗ ಎಲ್ಲರೂ ಉಸಿರು ಬಿಟ್ಟೆವು.

ಕರಿಯಣ್ಣ ಚಪ್ಪರದೊಳಗೆ ಬಗ್ಗಿ ನೋಡಿದ. ಬಂಡೆ ಮುಟ್ಟಿದ. ಬಾಯಿ ಬಿಡದೆ ಇರುವ ಜನ್ಮ ಅಲ್ಲವಲ್ಲ ಅದು —

“ವಾಸಪ್ಪ, ಕೂಸನ್ನ ಒಣಗ್ಸೋಕೆ ಇಟ್ಟಿದ್ಯಲ್ಲೋ ಮಾರಾಯ!”

ಅಂದವನು ತಾನೇ ಬೆಚ್ಚಿ ನಾಲಿಗೆ ಕಚ್ಚಿಕೊಂಡ. ಆದರೆ ಸುಳ್ಳಲ್ಲ. ಮುಖ ಪಡುವಣಕ್ಕೆ, ಸಂಜೆ ಬಿಸಿಲು ಪೂರ್ತಿ ಒಳಗೆ. ಬೆನ್ನಿಗೆ ಟಾರ್ಪಾಲು, ಗಾಳಿ ಕಟ್ಟು. ಕೆಳಗೆ ದಿನವಿಡೀ ಕಾದ ಬಂಡೆ — ಹೊಯ್ದ ನೀರು ಮೇಲಿನ ಚರ್ಮ ಮಾತ್ರ ತಣಿಸಿತ್ತು. ಬೇಯಿಸಿದ ಅಡಿಕೆ ಹರವಲು ಜಾಗ ಹುಡುಕಿದ್ದರೆ ಇದನ್ನೇ ಆರಿಸುತ್ತಿದ್ದೆ. ಬದುಕಿಡೀ ಅವರಿವರ ಮನೆಯ ಅಡಿಕೆ ಒಣಗಿಸಿದ ಕೈ ಇದು. ಬಿಸಿಲು ಎಲ್ಲಿ ಕೊನೆತನಕ ನಿಲ್ಲುತ್ತದೆ ಎಂದು ಕಣ್ಣಿಗೆ ಗೊತ್ತು, ಕಾಲು ಅಲ್ಲಿಗೇ ನಡೆಯಿತು. ನಾನು ಯೋಚನೆಯನ್ನೇ ಮಾಡಲಿಲ್ಲ.

ಕತ್ತಲಾಗುವ ಮೊದಲೇ ಮನೆಗೆ ವಾಪಸ್ ಬಂದೆವು. ರೇಖಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಕನಿಗೆ ಬರೆಯಲು ಕೂತೆ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂಬಲ್ಲಿಗೆ ನಿಂತಿತು.

ಮೇ 5, ಭಾನುವಾರ

ಹೊರಗೆ ಮಲಗುವ ಮಾತನ್ನು ಶಿವಾನಿ ಮತ್ತೆ ಎತ್ತಲೇ ಇಲ್ಲ. ನನ್ನ ಮುಖ ನೋಡಿ ಬಿಟ್ಟಿದ್ದಾಳೆ. ಹಟ ಮಾಡಿದ್ದರೂ ತಡೆದುಕೊಳ್ಳಬಹುದಿತ್ತು.

ಇವತ್ತು ಕಾಲು ನೋವು, ಕೆಲಸಕ್ಕೆ ಹೋಗದೆ ಜಗಲಿಯಲ್ಲಿ ಕೂತಿದ್ದೆ. ಸುಮ್ಮನೆ ಅವಳನ್ನೇ ನೋಡಿದೆ. ಇಷ್ಟು ವರ್ಷ ನೋಡಿಲ್ಲ ನಾನು! ಬೆಳಿಗ್ಗೆ ಬಚ್ಚಲ ಗೋಡೆಗೆ ಬೆನ್ನು. ಬಿಸಿಲು ಆ ಗೋಡೆಗೆ ಬರುವ ಮೊದಲೇ ಎದ್ದು ಅಡುಗೆಮನೆ ಮೂಲೆಗೆ. ಅಲ್ಲಿಂದ ನೀರಿನ ಕೊಡಗಳ ಸಂದಿಗೆ. ಮಧ್ಯಾಹ್ನ ಮಣ್ಣಿನ ನೆಲದ ಹಳೆ ಕೋಣೆ, ಅದರಲ್ಲೂ ಒಂದೇ ಒಂದು ಜಾಗ. ಒಮ್ಮೆಯೂ ತಪ್ಪಲಿಲ್ಲ. ಅವಳು ಎದ್ದ ಸ್ವಲ್ಪ ಹೊತ್ತಿಗೆ ಅಲ್ಲಿ ಧಗೆ ಬರುತ್ತದೆ — ನಾನು ಹೋಗಿ ಕೂತು ನೋಡಿದೆ. ಬೆಕ್ಕು ಅವಳ ಹಿಂದೆಯೇ ಜಾಗ ಬದಲಿಸುತ್ತದೆ. ಬೆಕ್ಕಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ.

“ಅಲ್ಲಿಂದ ಯಾಕೆ ಎದ್ದೆ?”

“ತಂಪು ಮುಗೀತಾ ಬಂತು ಅಜ್ಜ.”

ಪಾತ್ರೆಯಲ್ಲಿ ಹಾಲು ಮುಗಿಯಿತು ಎನ್ನುವ ಹಾಗೆ ಹೇಳುತ್ತಾಳೆ! ನಮಗೆ ಒಂದು ಮನೆ. ಅವಳಿಗೆ ಈ ಮನೆಯೊಳಗೆ ಹೊತ್ತಿಗೊಂದು ಮನೆ.

ಮೇ 8

ರೇಖಾಳ ಹತ್ತಿರ ನಾನೇ ಹೋಗಿ ಕೂತೆ. “ಈ ಸಲ ಜಾಗ ನಾನು ನೋಡಲ್ಲ. ಕೂಸೇ ತೋರ್ಸಲಿ. ನಾನು ಚೀಲ ಹೊರ್ತೀನಿ, ಅಷ್ಟೇ.”

ಅವಳು ಬಿಡಿಸುತ್ತಿದ್ದ ಕೊತ್ತಂಬರಿ ಪಕ್ಕಕ್ಕಿಟ್ಟಳು. “ಇವತ್ತು ಸಂಜೆ ನೋಡಿ ಬರೋದು. ಮಲಗೋದು ಆಮೇಲೆ.”

ಬಿಸಿಲು ಇಳಿದ ಮೇಲೆ ಹಳ್ಳದುದ್ದಕ್ಕೂ ಮೇಲೆ ಹೋದೆವು. ಶಿವಾನಿ ಮುಂದೆ, ಬರಿಗಾಲು, ಒದ್ದೆ ಅಂಗಿ. ಮರ ಮುಟ್ಟುತ್ತಾಳೆ, ಕಲ್ಲು ಮುಟ್ಟುತ್ತಾಳೆ, ಮುಂದೆ ಹೋಗುತ್ತಾಳೆ. ನಾನು ಚೆಂದ ಎಂದುಕೊಂಡ ಜಾಗಗಳೆಲ್ಲ ಬಿದ್ದವು. “ಈ ಕಲ್ಲು ಬೆಳಗಿನ ಬಿಸಿಲನ್ನ ಇನ್ನೂ ಇಟ್ಕೊಂಡಿದೆ.” “ಇಲ್ಲಿ ಗಾಳಿ ಬಂದು ಸಿಕ್ಕಿಹಾಕ್ಕೊಳ್ತದೆ.” ಪ್ರಕಾಶ ನನ್ನ ಮುಖ ನೋಡಿದ, ನಾನು ಅವನ ಮುಖ.

ಎರಡು ಹಳ್ಳ ಕೂಡುವಲ್ಲಿ ದೊಡ್ಡ ನೇರಳೆ ಮರ, ಕೆಳಗೆ ತೇವದ ಮರಳು. ಮರಳಿನ ಮೇಲೆ ಹಳದಿ ಚಿಟ್ಟೆಗಳು, ಯಾರೋ ಹೂವಿನ ಬುಟ್ಟಿ ಸುರಿದ ಹಾಗೆ. ಕಾಡಿನ ಚಿಟ್ಟೆಯೆಲ್ಲ ಅಲ್ಲೇ ಬಂದು ಕೂತಿದ್ದವೋ ಏನೋ. ನಾವು ಹತ್ತಿರ ಹೋದರೂ ಏಳಲಿಲ್ಲ. ಅವಳು ಮೆಲ್ಲಗೆ ಅವುಗಳ ಪಕ್ಕದಲ್ಲೇ ಕೂತಳು.

“ಅಜ್ಜ, ಇವಕ್ಕೂ ಬೆವರು ಬರಲ್ಲ ಅಲ್ವಾ?”

ರೇಖಾ ಆ ಕಡೆ ತಿರುಗಿ ನಿಂತಳು. ಬಗ್ಗಿ ಮರಳಿಗೆ ಅಂಗೈ ಒತ್ತಿ, “ಶನಿವಾರ ಬರೋದು. ಇಲ್ಲೇ,” ಎಂದಳು.

ಮೇ 11, ಶನಿವಾರ. ಹೊರಡುವ ಮೊದಲು

ರೇಖಾ ಚೀಲಕ್ಕೆ ಕಂಬಳಿ ತುರುಕುತ್ತಿದ್ದಾಳೆ. ಬೇಸಿಗೆಯಲ್ಲಿ ಕಂಬಳಿ! ಶಿವಾನಿ ಹುಟ್ಟಿದ ಮೇಲೆ ಶಿವರಾತ್ರಿ ಕಳೆದರೆ ಸಾಕು, ಕಂಬಳಿಯೆಲ್ಲ ಅಟ್ಟಕ್ಕೆ ಹೋಗುತ್ತದೆ. ಕಣ್ಣಿಗೆ ಬಿದ್ದರೂ ಸೆಕೆ ಎನ್ನುತ್ತಾಳೆ ಮಗು.

“ಇದೆಂತಕ್ಕೆ ಮಾರಾಯ್ತಿ?”

“ಮಲಗೋಕೆ ಹೋಗೋರು ಕಂಬಳಿ ಇಲ್ದೆ ಹೋಗ್ತಾರಾ ಮಾವ? ಬ್ಯಾಡ ಆದ್ರೆ ವಾಪಸ್ ಹೊರೋದು ನೀವೇ ತಾನೆ?”

ದಾರಿಯಲ್ಲಿ ಕರಿಯಣ್ಣನೂ ಸೇರಿಕೊಳ್ಳುತ್ತಾನಂತೆ. ಅವತ್ತಿನ ಮಾತು ಅವನನ್ನೂ ಕಚ್ಚುತ್ತಿದೆ. ಬೆಲ್ಲ ತರುತ್ತೇನೆ ಎಂದಿದ್ದಾನೆ.

ಅದೇ ದಿನ. ಕತ್ತಲಾಗುವ ಹೊತ್ತು

ನೇರಳೆ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಈ ಸಲ ಚಪ್ಪರ ಇಲ್ಲ. ಸೊಳ್ಳೆಪರದೆ ಮಾತ್ರ, ಅದರಾಚೆ ಕೊಂಬೆ, ಅದರಾಚೆ ಅವಳು ಕೇಳಿದ ಆಕಾಶ. ಮರಳಿನ ಮೇಲೆ ಚಾಪೆ.

ಬಂದಾಗ ಗಾಳಿಯ ಸುಳಿವಿರಲಿಲ್ಲ. ಎಲೆ ಅಲ್ಲಾಡದು. ರೇಖಾ ಥರ್ಮಾಮೀಟರ್ ಕೈಯಲ್ಲೇ ಹಿಡಿದು ಕೂತಿದ್ದಳು. “ಕೂಸೇ, ಇಲ್ಲಿ ಗಾಳಿಯೇ ಇಲ್ವಲ್ಲ?” ಎಂದೆ.

“ಇನ್ನೂ ಹೊರಟಿಲ್ಲ ಅಜ್ಜ.”

“ಬಸ್ಸಾ ಅದು, ಹೊರಡೋಕೆ?” ಕರಿಯಣ್ಣ ನಕ್ಕ.

ಅವಳು ನಗಲಿಲ್ಲ. ಹಳ್ಳದ ಮೇಲ್ಗಡೆ ಮುಖ ಮಾಡಿ ಕೂತಳು. ನಾನು ಕೊಂಬೆಗೆ ಕಟ್ಟಿದ್ದ ಒದ್ದೆ ಪಂಚೆ ನೆಟ್ಟಗೆ ತೂಗುತ್ತಿತ್ತು, ಗೋಡೆಗೆ ಹೊಡೆದ ಹಾಗೆ. ಗುಡ್ಡದ ಮೇಲಿನ ಬೆಳಕು ಆರಿತು. ಆಗ ಅವಳು ಮೆಲ್ಲಗೆ ಅಂದಳು, “ಬಂತು.”

ಏನೂ ಬಂದಿರಲಿಲ್ಲ. ಪಂಚೆ ಹಾಗೇ ಇತ್ತು. ನಾವು ನಾಲ್ವರು ದೊಡ್ಡವರು ಪಂಚೆಯನ್ನೇ ನೋಡುತ್ತಾ ಕೂತೆವು… ಅಂಚು ಸ್ವಲ್ಪ ಎದ್ದಿತು. ಬಿತ್ತು. ಮತ್ತೆ ಎದ್ದಿತು. ಆಮೇಲೆ ಪೂರ್ತಿ ಪಂಚೆಯೇ ನಮ್ಮ ಕಡೆ ಬಾಗಿತು. ಕಾಡಿನ ಮೇಲಿಂದ ತಣ್ಣನೆಯ ಗಾಳಿ ಹಳ್ಳದ ದಾರಿಯಲ್ಲೇ, ನೀರಿನ ಜೊತೆಯಲ್ಲೇ ಇಳಿದು ಬಂತು. ಮೊದಲು ಕಾಲಿಗೆ, ಆಮೇಲೆ ಮೊಣಕಾಲಿಗೆ, ಎದೆಗೆ. ನೀರಿಗಿಳಿದಷ್ಟೇ ಸ್ಪಷ್ಟ.

ಕರಿಯಣ್ಣ ಬೀಡಿ ಹಚ್ಚಲು ತೆಗೆದ ಕಡ್ಡಿ ಹಾಗೇ ಹಿಡಿದುಕೊಂಡಿದ್ದ. “ಇಷ್ಟು ವರ್ಷ ಈ ಹಳ್ಳದ ಬದಿಗೇ ಬಿದ್ಕೊಂಡಿದೀನಿ ಮಾರಾಯ…” ಎಂದ.

ಅದು ದಿನಾ ಬರುತ್ತಿತ್ತು. ನಾನು ಕೂಲಿಗೆ ಸೇರುವ ಮೊದಲೂ, ನನ್ನಪ್ಪ ಸೇರುವ ಮೊದಲೂ ಬರುತ್ತಿತ್ತು. ಬರುತ್ತದೆ ಎಂದು ತಿಳಿಯಲು ಇವಳೇ ಬೇಕಾಯಿತು. ಮಗುವಿನಲ್ಲಿ ಏನಿಲ್ಲ ಎಂಬುದನ್ನೇ ಒಂಬತ್ತು ವರ್ಷ ಜಪ ಮಾಡಿದೆವು ನಾವು.

ರೇಖಾ ಥರ್ಮಾಮೀಟರ್ ನೋಡಿ ಸೆರಗಿನ ತುದಿಗೆ ಕಟ್ಟಿಕೊಂಡಳು. ತೊಂಬತ್ತೆಂಟು. ಎಲ್ಲರೂ ಬೆಲ್ಲ ತಿಂದೆವು.

ಮೇ 12. ಬೆಳಕು ಹರಿಯುವ ಮೊದಲು

ನಾನು ಸರಿಯಾಗಿ ಮಲಗಲಿಲ್ಲ. ರೇಖಾಳೂ ಇಲ್ಲ. ಆಗಾಗ ಒಬ್ಬರಾದ ಮೇಲೆ ಒಬ್ಬರು ಮಗುವಿನ ಹಣೆ ಮುಟ್ಟುವುದು, ಕತ್ತಲಲ್ಲಿ ನಮ್ಮಿಬ್ಬರ ಕೈ ತಾಗುವುದು. ಪ್ರಕಾಶನ ಗೊರಕೆಗೆ ಹಳ್ಳದ ಕಪ್ಪೆ ಸುಮ್ಮನಾಗಿದೆ. ಅವಳು ಆಕಾಶ ನೋಡುತ್ತಾ ನೋಡುತ್ತಾ ನಿದ್ದೆ ಹೋದಳು, ಬಾಯಿ ತೆರೆದುಕೊಂಡೇ.

ಈಗ ಮೂಡಣ ಬೂದಿ ಬಣ್ಣಕ್ಕೆ ಬಂದಿದೆ. ಟಾರ್ಚು ಬೇಡ, ಅಕ್ಷರ ಕಾಣುತ್ತಿದೆ. ಅಕ್ಕನಿಗೆ ಬರೆಯಬೇಕು. ಆ ಗಾಳಿಯನ್ನು ಹೇಗೆ ಬರೆಯುವುದೋ…

ಶಿವಾನಿ ಮಗ್ಗುಲಾದಳು. ಮುದುಡಿಕೊಂಡಳು. ಮೊಣಕಾಲು ಗದ್ದಕ್ಕೆ ಬಂತು. ಮೈ ಸಣ್ಣಗೆ ನಡುಗುತ್ತಿದೆ! ಜ್ವರದ ನಡುಕವೇ ಎಂದು ಜೀವ ಹಾರಿತು. ರೇಖಾ ಆಗಲೇ ಎದ್ದು ಕೂತಿದ್ದಳು. ಹಣೆ ಮುಟ್ಟಿದೆ. ತಣ್ಣಗಿದೆ. ಅಂಗಾಲು ತಣ್ಣಗಿದೆ. ಥರ್ಮಾಮೀಟರ್ ಇಟ್ಟಳು, ಕಾದೆವು. ಏನೂ ಇಲ್ಲ, ಜ್ವರದ ಹೆಸರಿಲ್ಲ.

ಕಣ್ಣು ಮುಚ್ಚಿಕೊಂಡೇ ಅಂದಳು —

“ಅಮ್ಮ, ಚಳಿ.”

ಮೇ ತಿಂಗಳಲ್ಲಿ. ಈ ಬಾಯಿಂದ.

ರೇಖಾ ಚೀಲ ಎಳೆದುಕೊಂಡಿದ್ದಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಗಂಟು ಎಳೆದಷ್ಟೂ ಬಿಗಿಯಾಗುತ್ತಿದೆ. “ಮಾವ, ನೀವೇ ಬಿಚ್ಚಿ… ಬೇಗ,” ಎನ್ನುತ್ತಿದ್ದಾಳೆ. ಏಳುತ್ತೇನೆ. ಕಂಬಳಿ ಹೊದಿಸಿ ಬಂದು ಮಿಕ್ಕಿದ್ದು…