ಟ್ಯಾಂಕಿನ ಮೇಲೆ ಅಳಿಸಿಹೋದ ಎಣ್ಣೆಯ ಅಳತೆ

ಒಂಟಿಕೊಪ್ಪಲು, ಮೈಸೂರು
ಜೂನ್ 31, 2150

ಪ್ರೀತಿಯ ಕೆಂಪರಾಜ ತಾತನವರಿಗೆ,

ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷಕ್ಕೆ ನಡುಮನೆಯಿಂದ ‘ಕಟಕ್’ ಎಂದು ಕಬ್ಬಿಣ ಕಳಚಿದಂಥ ಸದ್ದು ಕೇಳಿ ಎದ್ದೆ. ಎದ್ದೆ ಎನ್ನುವುದೂ ದೊಡ್ಡ ಮಾತೇ. ಮಗು ಹುಟ್ಟಿದಾಗಿನಿಂದ ನಾನು ಮಲಗಿರುವುದೇ ಕಡಿಮೆ.

ನಾನು ಸೌದಾಮಿನಿ, ನಿಮ್ಮ ಮೊಮ್ಮಗನ ಮೊಮ್ಮಗಳು. ನಿಮಗಿನ್ನೂ ಇಪ್ಪತ್ತೆಂಟು, ಮದುವೆ ಕೂಡ ಆಗಿಲ್ಲ. ಮೂವತ್ತು ತುಂಬಿದ ನಾನು ನಿಮ್ಮನ್ನು ತಾತ ಎನ್ನುವುದು ವಿಚಿತ್ರವೇ, ಕ್ಷಮಿಸಿ. ತಾರೀಕಿಗೂ ಕ್ಷಮೆಯಿರಲಿ, ನಮ್ಮ ಕಾಲದಲ್ಲಿ ತಿಂಗಳುಗಳ ದಿನಗಳನ್ನು ಸರಿಮಾಡುವಾಗ ಜೂನ್‌ಗೆ ಒಂದು ದಿನ ಹೆಚ್ಚು ಸಿಕ್ಕಿತು. ಕಾಲೇಜಿನಲ್ಲಿ ನಾನು ಹಳಗನ್ನಡ ಓದಿದ್ದೇನೆ. ಹಳಗನ್ನಡವೆಂದರೆ ನೀವು ಆಡುವ ಕನ್ನಡ. ಎಲ್ಲಾದರೂ ತಪ್ಪಿದ್ದರೆ ತಿದ್ದಿಕೊಂಡು ಓದಿ.

ವಿಷಯ ನಿಮ್ಮ ಗಾಡಿಯದು. ಈಗ ನಿಮ್ಮ ಹಿತ್ತಲಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ, ಮೈಸೂರಿನಲ್ಲೇ ಹುಟ್ಟಿದ ಆ ಟೂ-ಸ್ಟ್ರೋಕ್ ಬೈಕು ಇನ್ನೂ ನಮ್ಮ ಮನೆಯಲ್ಲಿದೆ. ನನ್ನ ತಾತನ ಕಾಲದಿಂದ ಮೂಕವಾಗಿದೆ. ನಮ್ಮ ಬೀದಿಗಳಿಗೆ ಮೌನಬೀದಿ ಎಂದೇ ಹೆಸರು. ವಾಹನಗಳು ಬೆಕ್ಕಿನಂತೆ ಬಂದು ಬೆಕ್ಕಿನಂತೆ ಹೋಗುತ್ತವೆ. ಹಳೆಯ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಈಚೆಗೆ ಬಂದ ಕಾನೂನಿನಂತೆ ಐದು ವರ್ಷಕ್ಕೊಮ್ಮೆ ವಾರ್ಡಿನವರ ಎದುರು ಅದು ಒಂದು ನಿಮಿಷ ತಾನಾಗಿ ಓಡಬೇಕು. ಇದಕ್ಕೆ ಉಸಿರುಪರೀಕ್ಷೆ ಎನ್ನುತ್ತಾರೆ. ಎರಡು ಸಲ ವಾಯಿದೆ ಕೇಳಿದ್ದಾಯಿತು, ಇನ್ನಿಲ್ಲ. ಈವತ್ತು ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ. ಓಡದಿದ್ದರೆ ಎತ್ತಿಕೊಂಡು ಹೋಗಿ ಕರಗಿಸುತ್ತಾರೆ. ನನ್ನ ಮಗಳು ತುಂಬೆ ನಿದ್ದೆ ಹೋಗುವುದು ನಾನು ಆ ಗಾಡಿಯ ಸೀಟಿನ ಮೇಲೆ ಕೂತು ತೊಡೆಯಲ್ಲಿ ಮಲಗಿಸಿಕೊಂಡರೆ ಮಾತ್ರ. ತೊಟ್ಟಿಲು, ಜೋಲಿ ಏನೂ ಬೇಡ ಅವಳಿಗೆ. ಗಾಡಿ ಹೋದರೆ ನನ್ನ ಗತಿಯೇನು ಹೇಳಿ.

ಎಂಟು ತಿಂಗಳಿಂದ ನಾನು, ನನ್ನ ಗಂಡ ರಾಚಪ್ಪ, ನಮ್ಮತ್ತೆ ಚೆಲುವಾಂಬೆ ಮೂವರೂ ಮನೆಯಲ್ಲಿರುವ ಸಾಮಾನಿನಲ್ಲೇ ಅದನ್ನು ರಿಪೇರಿ ಮಾಡುತ್ತಿದ್ದೇವೆ. ಎಂಜಿನ್ನಿನ ಗ್ಯಾಸ್ಕೆಟ್ಟನ್ನು ನಮ್ಮ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕತ್ತರಿಸಿದೆವು. ಸಿಲಿಂಡರಿನ ಕೆಳಗೆ ಈಗಲೂ ‘ಸುಮುಹೂರ್ತ’ ಎಂಬ ಅಕ್ಷರ ಇಣುಕುತ್ತದೆ. ಸೀಟಿಗೆ ತೆಂಗಿನ ನಾರು ತುಂಬಿದೆವು. ಒಂದೇ ಒಂದು ಭಾಗ ಎಲ್ಲಿ ಹುಡುಕಿದರೂ ಸಿಗಲಿಲ್ಲ: ಒದ್ದು ಸ್ಟಾರ್ಟ್ ಮಾಡುವ ಕಿಕ್ಕರ್. ಅಟ್ಟ ಜಾಲಾಡಿದೆವು, ಗುಜರಿಯವರನ್ನು ಕಾಡಿದೆವು. ಕೊನೆಗೆ ರಾಚಪ್ಪ ಬಾವಿಯ ರಾಟೆಗೆ ಹಗ್ಗ ಸುತ್ತಿ ಎಳೆಯಲು ಹೋಗಿ ತಾನೇ ಅಂಗಳಕ್ಕೆ ಬಿದ್ದ.

ಈ ಜಾವ ನನ್ನನ್ನು ಎಬ್ಬಿಸಿದ ಸದ್ದು ಆ ಗಾಡಿಯದ್ದೇ. ನೀರು ಕುಡಿಯಲೆಂದು ಎದ್ದ ಅತ್ತೆ ಕತ್ತಲಲ್ಲಿ ಗಾಡಿಗೆ ಎಡವಿದ್ದಾರೆ. ಅವರ ಕಾಲು ಗೇರ್ ಲಿವರನ್ನು ಒಳಕ್ಕೆ ಒತ್ತಿದೆ, ಲಿವರು ತಿರುಗಿ ನೆಟ್ಟಗೆ ಮೇಲೆದ್ದು ನಿಂತಿದೆ.

“ಅಯ್ಯೋ ರಾಚಪ್ಪಾ, ನಿನ್ ಗಾಡಿ ಕಾಲು ಮುರ್ದಾಕ್ಬುಟ್ನಲ್ಲೋ!”

ರಾಚಪ್ಪ ಓಡಿಬಂದು ದೀಪ ಹಾಕಿ ನೋಡಿದ. ಬಾಯಿ ತೆರೆದವನು ಮುಚ್ಚಲೇ ಇಲ್ಲ. “ಅವ್ವಾ, ಅದನ್ನ ಇನ್ನೊಂದ್ಸಲ ಒದಿ.”

“ಮುರ್ದಿದ್ದು ಸಾಲ್ದಾ? ನಿದ್ಗೆಟ್ಟು ನಿಂಗೂ ನಿನ್ ಹೆಂಡ್ರುಗೂ ತಲೆ ಕೆಟ್ಟದೆ.”

“ಒದಿ ಅಂದ್ರೆ ಒದಿಯವ್ವಾ!”

ಒದ್ದರು. ಎಂಜಿನ್ನು ಒಳಗೆ ಒಂದು ಸುತ್ತು ತಿರುಗಿತು. ಗೇರ್ ಲಿವರೇ ಕಿಕ್ಕರ್! ಎಂಟು ತಿಂಗಳು ನಾವು ಹುಡುಕಿದ್ದು ನಮ್ಮ ಕಣ್ಣೆದುರೇ ಇತ್ತು. ಮೂವರೂ ನೆಲದಲ್ಲಿ ಕೂತು ನಕ್ಕಿದ್ದಕ್ಕೆ ತುಂಬೆಯೂ ಎದ್ದು ಚಪ್ಪಾಳೆ ತಟ್ಟಿದಳು.

ನಕ್ಕು ಮುಗಿದ ಮೇಲೆ ನನಗೆ ಭಯವಾಯಿತು. ಕಿಕ್ಕರ್ ಇಲ್ಲದಿದ್ದಾಗ ಪೆಟ್ರೋಲಿನ ಯೋಚನೆಯೇ ಬೇಕಿರಲಿಲ್ಲ. ನಮ್ಮಲ್ಲಿ ಅದು ಔಷಧಿ ಅಂಗಡಿಯಲ್ಲಿ ಸಿಗುವುದು, ಮನೆಗೆ ವರ್ಷಕ್ಕೆ ಕಾಲು ಲೀಟರಿನ ಒಂದು ಶೀಷೆ; ಈ ವರ್ಷದ್ದು ಮನೆಯಲ್ಲಿದೆ, ಕೆಟ್ಟರೆ ಇನ್ನೊಂದಿಲ್ಲ. ಅದರಲ್ಲಿ ಎಂಜಿನ್ ಆಯಿಲ್ ಬೆರೆಸಬೇಕೆಂದು ಗೊತ್ತು. ಎಷ್ಟು ಎಂಬುದು ಮಾತ್ರ ಗೊತ್ತಿಲ್ಲ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗು ಕಟ್ಟಿಕೊಂಡು ಹೊಗೆ ಬಿಟ್ಟು ನಿಲ್ಲುತ್ತದೆ ಎಂದು ರಾಚಪ್ಪ ಹೇಳುತ್ತಾನೆ. ನಿಮ್ಮ ಕಾಲದ ಜಾಲಪುಟಗಳೆಲ್ಲ ಅಳಿದುಹೋಗಿವೆ.

ನೀವು ಮಾತ್ರ ಬರೆದಿಟ್ಟಿದ್ದಿರಿ ತಾತ. ಈಗಾಗಲೇ ಬರೆದಿದ್ದೀರೋ, ಇನ್ನು ಮುಂದೆ ಬರೆಯುತ್ತೀರೋ ತಿಳಿಯದು. ಟ್ಯಾಂಕಿನ ಬದಿಯಲ್ಲಿ, ಕೆಂಪು ಬಣ್ಣದಲ್ಲಿ, ನಿಮ್ಮ ಕೈಬರಹ. ನಾನೂ ಅತ್ತೆಯೂ ತುಕ್ಕು ಹೋಗಲೆಂದು ಆ ಟ್ಯಾಂಕನ್ನು ಹಬ್ಬದ ಮುಂಚೆ ಹಿತ್ತಾಳೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ, ತೆಂಗಿನ ಗುಂಜು ಹಾಕಿ ಮೂರು ದಿನ ತಿಕ್ಕಿದೆವು. ಈಗ ಉಳಿದಿರುವುದು ಇಷ್ಟೇ: “ಎಣ್ಣೆ ಮರೆಯಬೇಡಿ. ಒಂದು ಲೀಟರಿಗೆ”. ಅದರಾಚೆಗೆ ನಮ್ಮ ಮುಖ ಕಾಣುವಷ್ಟು ಹೊಳಪು.

ಈ ಪತ್ರ ಹಿಮ್ಮುಖ ಅಂಚೆಯಲ್ಲಿ ಬರುತ್ತದೆ; ಹಿರಿಯರಿಗೆ ಬಿಟ್ಟು ಬೇರೆ ಯಾರಿಗೂ ಬರೆಯುವಂತಿಲ್ಲ. ಇದು ನಿಮ್ಮ ಕೈಸೇರುವಾಗ ನಿಮ್ಮಲ್ಲೂ ಜಾವದ ಹೊತ್ತೇ. ನಿದ್ದೆ ಕೆಡಿಸಿದ್ದಕ್ಕೆ ಬೈಯಿರಿ, ಪರವಾಗಿಲ್ಲ. ನಿಮ್ಮ ಫೋನಿನಿಂದ ನಿಮ್ಮದೇ ನಂಬರಿಗೆ ಕರೆ ಮಾಡಿ, ಮೂರನೇ ಸದ್ದಾದ ಮೇಲೆ ಮಾತಾಡಿದರೆ ನಮಗೆ ಕೇಳುತ್ತದೆ. ಬೆಳಕು ಹರಿದರೆ ಆ ದಾರಿ ಮುಚ್ಚಿಕೊಳ್ಳುತ್ತದೆ.

ಹೆಚ್ಚು ಮಾತು ಬೇಡ, ಎಷ್ಟು ಎಂಬ ಒಂದು ಅಂಕಿ ಸಾಕು. ಅತ್ತೆ ಆಗಲೇ ಹರಳೆಣ್ಣೆ ಶೀಷೆ ಹಿಡಿದು ಗಾಡಿಯ ಪಕ್ಕ ನಿಂತು, “ಮಗೀಗೆ ಕುಡ್ಸೋ ಲೆಕ್ಕದಲ್ಲೇ ಹಾಕಾನ ಬುಡು, ಎರಡು ಚಮಚ” ಎನ್ನುತ್ತಿದ್ದಾರೆ. ರಾಚಪ್ಪ ಟ್ಯಾಂಕಿನ ಮುಚ್ಚಳವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಾನೆ. ಎಷ್ಟು ಹೊತ್ತು ತಡೆದಾನೋ ಕಾಣೆ. ದಮ್ಮಯ್ಯ ತಾತ, ಬೆಳಗಾಗುವ ಮುಂಚೆ ಫೋನ್ ಮಾಡಿ.