ಪ್ರೆಸ್ ಪ್ರಭುಗಳ ಹಸಿರು ಪೊಟ್ಟಣ

ಸೆಪ್ಟೆಂಬರ್ ೯, ಸಂಜೆ

ಶ್ರೀಮನ್ಮಹಾರಾಜಾಧಿರಾಜ, ಆರುನೂರು ಟನ್ ಭುಜಬಲಪ್ರತಾಪ, ದ್ರವಲೋಹಪಾನಪ್ರಿಯ, ಗಾಂಗ್‌ಶಾನಿನ ನಮ್ಮ ಎರಡನೇ ಶೆಡ್ಡಿನ ಏಕಚ್ಛತ್ರಾಧಿಪತಿ ಪ್ರೆಸ್ ಪ್ರಭುಗಳ ಎಣ್ಣೆಮಯ ಪಾದಗಳಿಗೆ ಪಾಮರ ಆ-ಲಿಯಾಂಗನ ಸಾಷ್ಟಾಂಗ ನಮಸ್ಕಾರ. ಇಂದು ತಮ್ಮ ಹಣೆಯ ತಿಲಕ ಬದಲಿಸಿದ್ದೇನೆ. ಕ್ಷಮಿಸಬೇಕು. ಕ್ಷಮಿಸದಿದ್ದರೂ ನಡೆಯುತ್ತದೆ.

ಮಾಡಿದ್ದು ಇಷ್ಟೇ. ಲೋಹ ಒತ್ತುವ ಈ ಪ್ರೆಸ್ ಯಂತ್ರಕ್ಕೆ ಅಂಟಿಸಿದ್ದ ಹಸಿರು ಕುರುಕಲು ತಿಂಡಿ ಪೊಟ್ಟಣ ಕಿತ್ತು ಹಳದಿಯದು ಅಂಟಿಸಿದೆ. ಆ ತಿಂಡಿಯ ಹೆಸರೇ ‘ಗ್ವಾಯ್ ಗ್ವಾಯ್’ — ತಂಟೆ ಮಾಡಬೇಡ ಮರಿ ಎಂದ ಹಾಗೆ. ಹಸಿರಿದ್ದರೆ ಯಂತ್ರ ಮಾತು ಕೇಳುತ್ತದೆ, ಹಳದಿಯಾದರೆ ಮುನಿಯುತ್ತದೆ. ಮೇಸ್ತ್ರಿ ಹುವಾಂಗಣ್ಣನ ವೇದಾಂತ. ಹಳದಿ ಕಂಡಾಗ ಅವನ ಮುಖ ನೋಡಬೇಕು, ಅದಕ್ಕೇ.

ಬೆಳಗ್ಗೆ ಅವನು ನನ್ನನ್ನು ಒದ್ದಿದ್ದ ಕೂಡ.

“ಲೇ, ಒಲೇಲಿ ಒಣಗದ ಬಿಲ್ಲೆ ಅಚ್ಚಿಗೆ ಹೋದ್ರೆ ಏನಾಗುತ್ತೆ ಗೊತ್ತೇನೋ? ಒಂದು ಹನಿ ನೀರು ಸಾಕು, ಅಲ್ಯೂಮಿನಿಯಂ ಬಾಂಬ್ ಆಗುತ್ತೆ. ನಿಮ್ಮಮ್ಮಂಗೆ ನಿನ್ನ ಬೂದಿನೂ ಸಿಗಲ್ಲ!”

“ಬೂದಿ ಯಾಕಣ್ಣ, ನಾನೂ ಬಿಲ್ಲೆಯಾಗಿ ರೈಲಿಗೆ ಹೋಗ್ತೀನಿ.”

ಇನ್ನೊಂದು ಒದೆ. ಸಿಲಿಕಾನ್ ಕಾರ್ಬೈಡಿನ ತೂತುತೂತು ಬಿಲ್ಲೆಯೊಳಗೆ ಕರಗಿದ ಅಲ್ಯೂಮಿನಿಯಂ ನುಗ್ಗಿಸುವುದು ನಮ್ಮ ಕಸುಬು. ಆ ಬಿಲ್ಲೆ ರೈಲಿನ ಎಲೆಕ್ಟ್ರಾನಿಕ್ ಚಿಪ್‌ಗಳ ಅಡಿಯಲ್ಲಿ ಕೂತು ಕಾವನ್ನೆಲ್ಲ ಸಾಗಿಸುತ್ತದೆ, ಸೊಟ್ಟಗಾಗದೆ. ಈ ಶೆಡ್ಡಿನಲ್ಲಿ ಅಂಥ ಸಹನೆ ಇರುವುದು ಬಿಲ್ಲೆಗಳಿಗೆ ಮಾತ್ರ.

ಮಧ್ಯಾಹ್ನ ಹಂದಿಮಾಂಸ ತುಂಬಿದ ಬನ್ನು, ನಮ್ಮ ಬಾವೊ, ಬಿಸಿಬಿಸಿ. ಜನ್ಮ ಸಾರ್ಥಕ.

ಸೆಪ್ಟೆಂಬರ್ ೧೦

ಪ್ರೆಸ್ ಸಿಡಿಯಿತು.

ಚಾಂಗ್-ಲಿನ್ — ಪ್ರೆಸ್ ನಡೆಸುವವನು, ಶಾಲೆಯಿಂದಲೂ ಗೆಳೆಯ — ಗಾಡಿಯಿಂದ ಬಿಲ್ಲೆ ತೆಗೆದು ಅಚ್ಚಿಗಿಟ್ಟ. ನಾನು ಲೋಹ ಸುರಿದೆ. ಢಂ... ಬೆಳ್ಳಿ ಮಳೆ, ಕೆಳಗಿನಿಂದ ಮೇಲಕ್ಕೆ. ತಗಡಿನ ಸೂರು ತೂತು. ಹುವಾಂಗಣ್ಣ ಚಾಂಗ್-ಲಿನ್‌ನ ಕುತ್ತಿಗೆ ಹಿಡಿದು ಎಳೆದೆಸೆದ. ಲೋಹ ಹುವಾಂಗಣ್ಣನ ಹೆಗಲಿಗೇ ಬಿತ್ತು. ಅಂಗಿ ಹತ್ತಿಕೊಂಡಿತು. ಚರ್ಮ... ಆ ವಾಸನೆ ಬರೆಯಲಾರೆ.

ಹೊರಳಾಡುತ್ತಲೇ ಹಳದಿ ಪೊಟ್ಟಣ ಕಂಡ. ಎದ್ದ. ಪೊಟ್ಟಣದ ಜವಾಬ್ದಾರಿ ಚಾಂಗ್-ಲಿನ್‌ನದು. ಸುಡದ ಕೈಯಿಂದ ಅವನ ಬಾಯಿಗೇ ಗುದ್ದಿದ.

“ಹಳದಿ ಅಂಟಿಸ್ತೀಯೇನೋ, ಹಳದಿ! ಎಲ್ರನ್ನೂ ಸಾಯ್ಸಕ್ಕೆ!”

“ನಾನಲ್ಲಣ್ಣ—”

ಮತ್ತೆ ಗುದ್ದು. ಎರಡು ಹಲ್ಲು ನೆಲಕ್ಕೆ.

ಹೆಕ್ಕಿ ಅವನ ಕೈಗಿಟ್ಟೆ. ಬೆನ್ನು ಸವರಿದೆ.

ಸೆಪ್ಟೆಂಬರ್ ೧೩

ಚಾಂಗ್-ಲಿನ್‌ನನ್ನು ಕೆಲಸದಿಂದ ತೆಗೆಯುತ್ತಾರಂತೆ. ಮುಂದಿನ ತಿಂಗಳು ಮದುವೆ. ಕೆಲಸವಿಲ್ಲದವನಿಗೆ ಮಗಳನ್ನು ಕೊಡುವುದಿಲ್ಲ ಎಂದು ಮಾವ ಆಗಲೇ ಹೇಳಿಯಾಗಿದೆ.

ಸೆಪ್ಟೆಂಬರ್ ೧೫

ಊಟದ ಹೊತ್ತಿಗೆ ಬೆಂಚು ಹತ್ತಿದೆ. “ಮಹಾಜನಗಳೇ! ಪ್ರಭುಗಳ ತಿಲಕ ಕೆಡಿಸಿದ ಪಾಪಿ ಇಲ್ಲಿದ್ದಾನೆ! ಹಳದಿ ಅಂಟಿಸಿದ್ದು ನಾನೇ!”

ಯಾರೂ ನಗಲಿಲ್ಲ. ಚಾಂಗ್-ಲಿನ್ ಕಾಲು ಹಿಡಿದು ಕೆಳಗೆಳೆದ. ಎದೆಯ ಮೇಲೆ ಕೂತು ಗುದ್ದಿದ. “ಹಲ್ಲು ಹೆಕ್ಕಿ ಕೊಟ್ಟೆಯಲ್ಲೋ, ಬಡ್ಡಿಮಗನೇ! ಬೆನ್ನು ಬೇರೆ ಸವರಿದೆ!” ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು. ಬ್ಯಾಂಡೇಜಿನ ಹುವಾಂಗಣ್ಣ ಓಡಿ ಬಂದ. ಬಿಡಿಸಲಿಕ್ಕೆ ಎಂದುಕೊಂಡೆ. “ಸರಿಯೋ, ನಂಗೂ ಸ್ವಲ್ಪ ಉಳಿಸು.” ಬೂಟಿನಿಂದ ಒದ್ದ. ಆಮೇಲೆ ಉಸಿರು ಬಿಡುತ್ತ, “ಒಪ್ಕೊಂಡ. ಗಂಡ್ಸು ಕಣ್ರೋ,” ಎಂದ.

ಹೊಸ ಹಸಿರು ಪೊಟ್ಟಣ ಅಂಟಿಸಿದರು. ಚಾಂಗ್-ಲಿನ್ ಕೆಲಸ ಉಳಿಯಿತು. ಲೋಕಕ್ಕೆಲ್ಲ ಶಾಂತಿ. ನಾನು ಹುತಾತ್ಮ.

ಸೆಪ್ಟೆಂಬರ್ ೧೬

ಪಕ್ಕೆಲುಬು ಮುರಿದಿದೆ. ಮಲಗಿ ಬರೆಯುತ್ತಿದ್ದೇನೆ. ಚಾಂಗ್-ಲಿನ್ ನೋಡಲು ಬಂದಿದ್ದ. ಹಲ್ಲಿನ ಕಿಂಡಿಯಿಂದ ಗಾಳಿ ಬಿಡುತ್ತ, “ತಿನ್ನೋ, ಬಿಫಿ ಇದೆ,” ಎಂದು ಬಾವೊ ಕೈಗಿಟ್ಟ. ದಿಂಬಿನ ಪಕ್ಕಕ್ಕಿಟ್ಟೆ.

ಒಂಬತ್ತರಂದು ಬಾವೊ ಬಿಸಿ ಮಾಡಲು ಒಣಗಿಸುವ ಒಲೆಯಲ್ಲಿ ಜಾಗವಿರಲಿಲ್ಲ. ಒಂದು ಬಿಲ್ಲೆ ಹೊರಗೆ ತೆಗೆದೆ. ಆಗಷ್ಟೇ ತೊಳೆದ ಒದ್ದೆ ನೆಲದ ಮೇಲಿಟ್ಟೆ. ತಿಂದಾದ ಮೇಲೆ ಒಲೆಗೆ ಮತ್ತೆ ಹಾಕಲು ಸೋಮಾರಿತನ... ಒಣಗಿದವುಗಳ ಗಾಡಿಗೇ ಸೇರಿಸಿದೆ. ಪೊಟ್ಟಣದ್ದು ಏನೂ ತಪ್ಪಿಲ್ಲ. ಬಾವೊ ಮಾತ್ರ ಹದವಾಗಿ ಬಿಸಿ—